ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ: ಪ್ಯಾಂಥರ್ ಗೋಸುಂಬೆಯೂ ಅದರ ಕಾಗದವೂ

ಕಳೆದ ಮಂಗಳವಾರ ಸಂಜೆ ಆಫೀಸು ಮುಗಿಸಿ ಬರುವಾಗ ಮನೆ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ, ಫೋನಿನಲ್ಲಿದ್ದ ಒಂದು ಹಾಳೆಯನ್ನು ಕಲರ್‌ನಲ್ಲೇ ಪ್ರಿಂಟ್ ಹಾಕಿಸಿದೆ. ಅಂಗಡಿ ಹುಡುಗ ಅದನ್ನು ಓದಿ, "ಸಾರ್, ಫರ್ಸಿಫರ್ ಪಾರ್ಡಾಲಿಸ್ ಅಂದ್ರೆ ಯಾವ ಕಾಯ್ಲೆ?" ಅಂತ ಕೇಳಿದ. ಕಾಯಿಲೆಯೇ ಕಣಪ್ಪ, ಹಿಡಿದರೆ ಬಿಡಲ್ಲ ಅಂದು ದುಡ್ಡು ಕೊಟ್ಟು ಬಂದೆ.

ಅದು ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯ ವೈಜ್ಞಾನಿಕ ಹೆಸರು. ಕುವೆಂಪುನಗರದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಅಂಥದ್ದೊಂದು ಇದೆ. ಆ ಹಾಳೆ ಅದರ ನೋಂದಣಿ ಪತ್ರ. ಫೋನಿನಲ್ಲಿ ಫೋಟೋ ನೋಡಿದ ದಿನದಿಂದ ಈ ಹಾಳೆ ಕೈಗೆ ಬರುವವರೆಗೆ ಹತ್ತೂವರೆ ತಿಂಗಳು ಹಿಡಿಯಿತು. ಹೆಚ್ಚಿನ ತಡ ನನ್ನದೇ ತಪ್ಪಿನಿಂದ ಆದದ್ದು. ಈಗ ಇನ್ಯಾರಾದರೂ ಅದೇ ಥರದ ಫೋಟೋ ನೋಡಿ ಕೈ ತುರಿಸಿಕೊಳ್ಳುತ್ತಾ ಕೂತಿದ್ದರೆ, ಮುಂಗಡ ಕಳಿಸುವ ಮೊದಲು ಇದನ್ನೊಮ್ಮೆ ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ. ಹೊಂಗೆ ಮರದ ಮೇಲೆ, ಬೇಲಿಯ ಮೇಲೆ ಗೋಸುಂಬೆ ಕಂಡರೆ ಹುಡುಗರೆಲ್ಲ ಕಲ್ಲು ಹುಡುಕುತ್ತಿದ್ದೆವು. ಅದು ಉಗುಳಿದರೆ ಕುಷ್ಠ ಬರುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆವು. ಸುಳ್ಳು, ಅದಕ್ಕೆ ವಿಷವೇ ಇಲ್ಲ. ಆ ಊರ ಗೋಸುಂಬೆಯನ್ನು ಹಿಡಿದು ಸಾಕುವ ಯೋಚನೆ ಇದ್ದವರು ಇಲ್ಲೇ ಬಿಟ್ಟುಬಿಡಿ. ನಮ್ಮ ಕಾಡಿನ ಪ್ರಾಣಿ ಅದು, ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಮನೆಯಲ್ಲಿ ಇಟ್ಟುಕೊಂಡರೆ ಅಪರಾಧ. ಯಾವ ನೋಂದಣಿಯೂ ಅದಕ್ಕೆ ಸಿಗುವುದಿಲ್ಲ. ನಾನು ಹೇಳುತ್ತಿರುವುದೆಲ್ಲ ಹೊರದೇಶದ ಪ್ರಭೇದಗಳ ವಿಷಯ.

ಪ್ಯಾಂಥರ್ ಹುಚ್ಚು ಹಿಡಿದವರ ಮಾತು ಕೇಳಿದರೆ ಮೊದಮೊದಲು ಭೂಗೋಳದ ಪಾಠ ಅನಿಸುತ್ತದೆ. ಅಂಬಿಲೋಬೆ, ಅಂಬಾಂಜಾ, ನೋಸಿ ಬೆ, ಸಾಂಬಾವಾ, ಅಂಕರಾಮಿ. ಎಲ್ಲವೂ ಮಡಗಾಸ್ಕರ್‌ನ ಊರು, ದ್ವೀಪಗಳ ಹೆಸರು. ಒಂದೊಂದು ಜಾಗದ ಗಂಡಿಗೆ ಒಂದೊಂದು ಬಣ್ಣ. ನೋಸಿ ಬೆ ದ್ವೀಪದ್ದು ನವಿಲುಗರಿಯ ನೀಲಿ-ಹಸಿರು. ಅಂಕರಾಮಿ ಕಡೆಯದು ಗುಲಾಬಿ, ಅದನ್ನು ಪಿಂಕ್ ಪ್ಯಾಂಥರ್ ಅಂತಲೇ ಕರೆಯುತ್ತಾರೆ. ಅಂಬಿಲೋಬೆಯದಂತೂ ಕೇಳಬೇಡಿ, ಕೆಂಪು, ಹಳದಿ, ಹಸಿರಿನ ಮೈ ಮೇಲೆ ನೀಲಿಯದೋ ಕೆಂಪಿನದೋ ಅಡ್ಡಪಟ್ಟೆ. ಮುದ್ದೆಯ ಮೇಲೆ ಬೆರಳು ಎಳೆದ ಹಾಗೆ ಪಟ್ಟೆ ಸ್ಪಷ್ಟವಾಗಿದ್ದಷ್ಟೂ ಬೆಲೆ ಜಾಸ್ತಿ. ಯೆಮೆನ್, ಸೌದಿ ಕಡೆಯ ವೇಲ್ಡ್ ಅನ್ನುವ ಇನ್ನೊಂದು ಗೋಸುಂಬೆಯಲ್ಲೂ ಅಪರೂಪದ್ದಕ್ಕೆ ಓಡಾಡುವವರಿದ್ದಾರೆ, ಚರ್ಮ ಅಲ್ಲಲ್ಲಿ ಬಣ್ಣಗೆಟ್ಟು ಪಾರದರ್ಶಕವಾದದ್ದು, ಮಚ್ಚೆ ಮಚ್ಚೆಯಾದದ್ದು. ಅವು ಸಾಕಣೆಯಲ್ಲಿ ಆಯ್ದು ಆಯ್ದು ಬೆಳೆಸಿದ ರೂಪಗಳು. ಪ್ಯಾಂಥರ್‌ನ ಬಣ್ಣ ಹಾಗಲ್ಲ, ಹುಟ್ಟಿದ ನೆಲದ್ದು. ಒಂದೇ ಪ್ರಭೇದ ಅಂತ ನಾವು ಕರೆಯುವ ಇದು ನಿಜಕ್ಕೆ 11 ಬೇರೆ ಬೇರೆ ಪ್ರಭೇದಗಳಿರಬಹುದು ಅಂತ ಜಿನೀವಾ ವಿಶ್ವವಿದ್ಯಾಲಯದ ಮಿಶೆಲ್ ಮಿಲಿಂಕೋವಿಚ್ ಅವರ ತಂಡ 2015ರಲ್ಲಿ ರಕ್ತದ ಮಾದರಿ, ಬಣ್ಣದ ಫೋಟೋ ಎರಡನ್ನೂ ತಾಳೆ ಹಾಕಿ ಹೇಳಿತ್ತು. ಹಾಗಾಗಿ ಎರಡು ಜಾಗದವನ್ನು ಕೂಡಿಸಿ ಮರಿ ಮಾಡಿಸಿದರೆ ಅದು ಯಾವ ಊರಿನದೂ ಅಲ್ಲ. ಇದೆಲ್ಲ ಗೊತ್ತಿದ್ದೇ ನಾನು ಮೋಸ ಹೋದೆ ಅನ್ನುವುದು ಮುಂದಿನ ಕಥೆ.

2024ರ ನವೆಂಬರ್ ಕೊನೆಯಲ್ಲಿ ಬೇರೆ ಊರಿನ ಒಬ್ಬ ಮಾರಾಟಗಾರ ಫೋಟೋ ಕಳಿಸಿದ. ಅಂಬಿಲೋಬೆಯದು ಅಂದ. ಫೋಟೋದಲ್ಲಿದ್ದದ್ದು ಅಪ್ಪ, ಮಾರಾಟಕ್ಕಿದ್ದದ್ದು ಎರಡು ತಿಂಗಳ ಮರಿ. ಅಪ್ಪನ ಮೈ ತುಂಬ ಕೆಂಪು, ಪಟ್ಟೆ ಅಚ್ಚ ನೀಲಿ. ಮರಿ ಮಾತ್ರ ಒಣಗಿದ ಹುಣಸೆಹಣ್ಣಿನ ಬಣ್ಣ. "ಎಲ್ಲಾ ಮರೀನೂ ಹಿಂಗೇ ಅಣ್ಣ, ಎಂಟು ತಿಂಗಳಾಗ್ಲಿ, ಅಪ್ಪನ ಥರಾನೇ ಆಗುತ್ತೆ. ಗ್ಯಾರಂಟಿ ಗಂಡು." ಮೊದಲ ಮಾತು ನಿಜ. ಮರಿಗಳೆಲ್ಲ ಕಂದು ಬಣ್ಣದವೇ, ಗಂಡಿಗೆ ಪೂರ್ತಿ ಬಣ್ಣ ತುಂಬುವುದಕ್ಕೆ ವರ್ಷದ ಹತ್ತಿರ ಬೇಕು. ಬೆಲೆ 42,000. ಹತ್ತು ಸಾವಿರ ಮುಂಗಡ ಅವತ್ತೇ ಕಳಿಸಿದೆ. ಇದು ನನ್ನ ಮೊದಲ ತಪ್ಪು. ದುಡ್ಡು ಹೋದ ಮೇಲೆ ಕಾಗದ ಕೇಳಿದೆ.

ಕಾನೂನು ಏನು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಾರುವವರಲ್ಲಿ ಅರ್ಧ ಜನ ಹಳೇ ಕಥೆ ಹೇಳುತ್ತಾರೆ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಹೊರದೇಶದ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ತಾವಾಗೇ ಘೋಷಿಸಿದರೆ ದಾಖಲೆ ಕೇಳುವುದಿಲ್ಲ ಅಂದಿತ್ತು. ಆ ಅವಧಿ ಮುಗಿದು ಯಾವ ಕಾಲವಾಯಿತು. ಆಮೇಲೆ 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳೆಲ್ಲ ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬಂದವು. ಪ್ಯಾಂಥರ್, ವೇಲ್ಡ್ ಎರಡೂ ಆ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ನೋಂದಣಿಯ ನಿಯಮ ಹೊರಬಿದ್ದದ್ದು 2024ರ ಫೆಬ್ರವರಿ 28ಕ್ಕೆ. ಆಗಲೇ ಸಾಕಿಕೊಂಡಿದ್ದವರಿಗೆ ಆರು ತಿಂಗಳು, ಆಮೇಲೆ ತರುವವರಿಗೆ ಪ್ರಾಣಿ ಕೈಗೆ ಬಂದ 30 ದಿನದೊಳಗೆ. ಅರ್ಜಿಯನ್ನು ಅದೇ ಸಚಿವಾಲಯದ ಪರಿವೇಶ್ ಅನ್ನುವ ಆನ್‌ಲೈನ್ ಪೋರ್ಟಲ್‌ನಲ್ಲೇ ಹಾಕಬೇಕು, ಅದು ಹೋಗುವುದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ. ನೋಂದಣಿ ಒಂದೇ ಅಲ್ಲ, ಮರಿ ಹುಟ್ಟಿದರೆ, ಸತ್ತರೆ, ಕೈ ಬದಲಾದರೆ ಎಲ್ಲವನ್ನೂ ತಿಳಿಸಬೇಕು.

ಅಂದರೆ ನಾನು ಕೇಳಬೇಕಾಗಿದ್ದದ್ದು ಮೂರು: ಅಪ್ಪ-ಅಮ್ಮ ಗೋಸುಂಬೆಗಳು ಅವನ ಹೆಸರಲ್ಲಿ ನೋಂದಣಿಯಾಗಿವೆಯೇ, ಈ ಮರಿ ಹುಟ್ಟಿದ್ದನ್ನು ತಿಳಿಸಿದ್ದಾನೆಯೇ, ನನಗೆ ಕೊಡುವುದನ್ನು ದಾಖಲಿಸುತ್ತಾನೆಯೇ. ಅವನು ಕಳಿಸಿದ್ದು ಬೇರೆಯೇ. ಇಪ್ಪತ್ತು ರೂಪಾಯಿ ಛಾಪಾ ಕಾಗದದ ಮೇಲೆ "ಸದರಿ ಪ್ರಾಣಿಯು ಸಾಕಣೆಯಲ್ಲಿ ಹುಟ್ಟಿದ್ದು" ಅಂತ ಅವನೇ ಬರೆದು ಅವನೇ ಸಹಿ ಮಾಡಿದ ಪ್ರಮಾಣಪತ್ರ. ಜೊತೆಗೆ 2020ರ ಒಂದು ಘೋಷಣೆಯ ಸ್ವೀಕೃತಿ, ಅದೂ ಅವನ ಸ್ನೇಹಿತನ ಹೆಸರಲ್ಲಿ. ಆ ಸ್ನೇಹಿತನಿಗೆ ಫೋನ್ ಮಾಡಿದರೆ, "ಅವ್ನು ಜೆನ್ಯೂನ್ ಸಾರ್, ಬೇಕಾದ್ರೆ ಕೇಳಿ" ಅಂತ ಇವನ ಕಡೆಗೇ ಬೆರಳು ತೋರಿಸಿದ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಅನ್ನುವ ಗಾದೆ ಹುಟ್ಟಿದ್ದೇ ಇಂಥವರನ್ನು ನೋಡಿ ಇರಬೇಕು.

ಮುಂಗಡ ಹೋದರೂ ಹೋಗಲಿ, ನೋಂದಣಿ ಸಂಖ್ಯೆ ಇಲ್ಲದೆ ಮಿಕ್ಕ ಮೂವತ್ತೆರಡು ಸಾವಿರ ಕೊಡುವುದಿಲ್ಲ ಅಂತ ಹಟ ಹಿಡಿದೆ. ಹೇಳಿದ್ದು ಗಟ್ಟಿ ದನಿಯಲ್ಲಿ, ಒಳಗೆ ಪುಕುಪುಕು. ಒಂದು ವಾರ ಫೋನೇ ಎತ್ತಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಫೋನ್ ಟಣ್ ಅಂದರೆ ಸಾಕು, ಅಮ್ಮ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ತಿಳಿದದ್ದೇನೆಂದರೆ ಅವನ ದೊಡ್ಡ ಗೋಸುಂಬೆಗಳಿಗೆ ನೋಂದಣಿ ಇತ್ತು, ಮರಿಗಳದ್ದನ್ನು ಮಾತ್ರ ತಿಳಿಸಿರಲಿಲ್ಲ. ಸೋಮಾರಿತನವೋ ಮತ್ತೇನೋ ದೇವರೇ ಬಲ್ಲ. ಅವನು ಅದನ್ನೆಲ್ಲ ಸರಿಮಾಡಿ ನನ್ನ ಹೆಸರಿಗೆ ವರ್ಗಾವಣೆ ಹಾಕುವಷ್ಟರಲ್ಲಿ ಹನ್ನೊಂದು ವಾರ. ಆ ಹನ್ನೊಂದು ವಾರ ನಾನು ಗೂಡು ಮಾಡಿಸಿದೆ. ಮರಿ ಬರುವ ಮೊದಲೇ ಗೂಡು ಸಿದ್ಧವಾಗಿ, ಹದಿನೈದು ದಿನವಾದರೂ ದೀಪ ಉರಿದು, ಉಷ್ಣಾಂಶ ಹದಕ್ಕೆ ಬಂದಿರಬೇಕು. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಗೂಡಿಗೆ ಗಾಜಿನ ತೊಟ್ಟಿ ಬೇಡ, ಗಾಳಿಯಾಡುವ ಜಾಲರಿ ಬೇಕು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿ, ಸೊಳ್ಳೆ ಪರದೆಯ ಜಾಲರಿಯೇ ಬಡಿಸಿದೆ: ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರ, 6,500 ರೂಪಾಯಿ. ಅತಿನೇರಳೆ-ಬಿ ಕಿರಣದ ಉದ್ದ ಟ್ಯೂಬು, ಅದರ ಪಟ್ಟಿ ಸೇರಿ 5,200. ಈ ಟ್ಯೂಬು ಬೇಡ, ಕಿಟಕಿಯಲ್ಲಿ ಬಿಸಿಲು ಬರುತ್ತಲ್ಲ ಅನ್ನಬೇಡಿ. ಕಿಟಕಿ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಅದಿಲ್ಲದಿದ್ದರೆ ಸುಣ್ಣಾಂಶ ಮೈಗೆ ಹತ್ತದೆ ಮೂಳೆ ಮೆತ್ತಗಾಗಿ, ಕಾಲು ಸೊಟ್ಟಗಾಗಿ ಸಾಯುತ್ತವೆ. ಬೆಳಗಿನ ಹೊತ್ತು ಬಾಲ್ಕನಿಯ ನೇರ ಬಿಸಿಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಕೊಂಬೆಯ ತುದಿಯಲ್ಲಿ ಬಲ್ಬಿನ ಕೆಳಗೆ 30 ಡಿಗ್ರಿ ಇದ್ದು, ಕೆಳಗೆ ಬರುತ್ತಾ ತಂಪಾಗಬೇಕು. ಮೈಸೂರಿನ ಹವೆ ಇದಕ್ಕೆ ಎಷ್ಟೋ ವಾಸಿ, ಏಪ್ರಿಲ್ ಒಂದು ಬಿಟ್ಟು. ಏಪ್ರಿಲ್‌ನಲ್ಲಿ ಬಲ್ಬು ಆರಿಸಿ, ಗೂಡಿನ ಹಿಂದೆ ಒದ್ದೆ ಗೋಣಿ ಇಳಿಬಿಟ್ಟೆ.

ನೀರಿನದೇ ಒಂದು ತಮಾಷೆ. ಬಟ್ಟಲಲ್ಲಿ ನೀರಿಟ್ಟರೆ ಇವಕ್ಕೆ ಅದು ನೀರು ಅಂತಲೇ ಗೊತ್ತಾಗುವುದಿಲ್ಲ. ಎಲೆಯ ಮೇಲೆ ಹನಿ ಉರುಳಬೇಕು. ಅದಕ್ಕೆ ಸಾವಿರಗಟ್ಟಲೆ ಬೆಲೆಯ ಯಂತ್ರ ಸಿಗುತ್ತದೆ. ನಾನು ಮೆಡಿಕಲ್ ಸ್ಟೋರಿನಿಂದ ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್ ತಂದು, ಬಾಟಲಿಗೆ ಸಿಕ್ಕಿಸಿ ಗೂಡಿನ ಮೇಲೆ ನೇತುಹಾಕಿದೆ. ಚಕ್ರ ತಿರುಗಿಸಿದರೆ ಎರಡು ಸೆಕೆಂಡಿಗೊಂದು ಹನಿ ದಾಸವಾಳದ ಎಲೆ ಮೇಲೆ ಬಿದ್ದು, ಅಲ್ಲಿಂದ ಮನಿ ಪ್ಲಾಂಟ್ ಮೇಲೆ ಜಾರುತ್ತದೆ. ಮನೆಗೆ ಬಂದ ನೆಂಟರೊಬ್ಬರು, "ಯಾರಿಗೆ ಹುಷಾರಿಲ್ಲ?" ಅಂತ ಒಳಗೆಲ್ಲ ಹಣಕಿ ನೋಡಿದ್ದರು.

ಫೆಬ್ರವರಿ ಮಧ್ಯದಲ್ಲಿ ಮರಿ ತರಲು ಹೋದೆ. ಕೊರಿಯರ್‌ನಲ್ಲಿ ಕಳಿಸುತ್ತೇನೆ ಅಂದರೆ ಒಪ್ಪಬೇಡಿ, ಪೆಟ್ಟಿಗೆಯೊಳಗೆ ಬಿಸಿಲಿಗೆ ಬೆಂದು ಹೋಗುತ್ತವೆ. ಬಸ್ಸಿನಲ್ಲೇ ಬರೋಣ ಅಂದುಕೊಂಡಿದ್ದೆ. ಆದರೆ 2024ರಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ಅಜ್ಜಿ-ಮೊಮ್ಮಗಳು ತಂದ ನಾಲ್ಕು ಲವ್‌ಬರ್ಡ್‌ಗೆ 444 ರೂಪಾಯಿ ಟಿಕೆಟ್ ಹರಿದ ಸುದ್ದಿ ನೆನಪಾಗಿ, ಗೋಸುಂಬೆಗೆ ಯಾವ ದರ ಅಂತ ಕಂಡಕ್ಟರ್ ಜೊತೆ ವಾದ ಮಾಡುವ ತಾಳ್ಮೆ ಇಲ್ಲದೆ, ಸ್ನೇಹಿತನ ಕಾರಿಗೆ ಪೆಟ್ರೋಲ್ ಹಾಕಿಸಿದೆ. ಬಟ್ಟೆಯ ಚೀಲದೊಳಗೊಂದು ಕಡ್ಡಿ, ಕಡ್ಡಿಯನ್ನು ಅಪ್ಪಿಕೊಂಡ ಬೆರಳುದ್ದದ ಮರಿ. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಕಣ್ಣು ಹಿಂದಿನ ಸೀಟಿನ ಮೇಲೆ. ಮಾರಾಟಗಾರನ ಮನೆಯಲ್ಲಿ ನಾನು ಬಾಲದ ಬುಡ ನೋಡಬೇಕಿತ್ತು. ಗಂಡಿಗೆ ನಾಲ್ಕು ತಿಂಗಳ ಹೊತ್ತಿಗೆ ಬಾಲ ಶುರುವಾಗುವಲ್ಲಿ ಕೆಳಗೆ ಉಬ್ಬು ಕಾಣುತ್ತದೆ, ಹೆಣ್ಣಿಗೆ ಅಲ್ಲಿ ಸಪಾಟು. ಇದಕ್ಕೆ ಆಗಲೇ ನಾಲ್ಕೂವರೆ ತಿಂಗಳು. ಓದಿದ್ದೆ, ಗೊತ್ತಿತ್ತು. ಆದರೂ ಅವನ ಅಪ್ಪ-ಗೋಸುಂಬೆ ಅಷ್ಟು ಹೊತ್ತಿಗೆ ಗೂಡಿನಲ್ಲಿ ಮೈ ಉಬ್ಬಿಸಿ ಬಣ್ಣ ಚೆಲ್ಲುತ್ತಾ ನಿಂತಿತ್ತು. ಅದನ್ನು ನೋಡುತ್ತಾ ನಿಂತವನು ಇದನ್ನು ತಿರುಗಿಸಿಯೂ ನೋಡಲಿಲ್ಲ.

ಊಟದ ವ್ಯವಸ್ಥೆಗೆ ಮಾತ್ರ ನನ್ನಷ್ಟು ಪುಣ್ಯವಂತ ಇಲ್ಲ. ಕ್ರಿಕೆಟ್ ಹುಳವನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಅರ್ಧ ಸತ್ತೇ ಬರುತ್ತವೆ. ಗೋಸುಂಬೆ ಸಾಕುವವರು ಹೊರದೇಶದಲ್ಲಿ ಡಬ್ಬಿಗಿಷ್ಟು ಅಂತ ದುಡ್ಡು ಕೊಟ್ಟು ತರುವ ಒಳ್ಳೆಯ ಆಹಾರ ಯಾವುದು ಗೊತ್ತೇ? ರೇಷ್ಮೆ ಹುಳು. ಮೆತ್ತಗೆ, ಗಟ್ಟಿ ಸಿಪ್ಪೆ ಇಲ್ಲ, ಮೈ ತುಂಬ ನೀರು. ನಮ್ಮ ದೊಡ್ಡಪ್ಪನ ಮನೆಯಲ್ಲಿ ಅದು ತಟ್ಟೆಗಟ್ಟಲೆ. ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಅಲ್ಲ ಕನ್ಲಾ, ಓತಿಕ್ಯಾತುಕ್ಕೆ ನಲವತ್ತೆರಡು ಸಾವ್ರ ಕೊಟ್ಯಾ? ನಮ್ ಬೇಲಿ ಮ್ಯಾಗೆ ಪುಗ್ಸಟ್ಟೆ ಕೂತವಲ್ಲೋ!"

"ಇದು ಓತಿಕ್ಯಾತ ಅಲ್ಲ ದೊಡ್ಡಪ್ಪ, ಗೋಸುಂಬೆ. ಮಡಗಾಸ್ಕರ್‌ದು."

"ಯಾವೂರುದಾದ್ರೇನ್ಲಾ. ಹುಳ ತಿಂತದ ತಾನೆ? ಬಾ, ತಕಂಡೋಗು."

ಅವರಿಗೆ ಹುಳುವಿನ ವಯಸ್ಸನ್ನು ನಾನು ಮಿಲಿಮೀಟರ್‌ನಲ್ಲಿ ಹೇಳಹೊರಟೆ. ಗೋಸುಂಬೆಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ಹುಳು ದಪ್ಪ ಇರಬಾರದು. ಅವರು ಒಂದೇ ಮಾತಲ್ಲಿ ಮುಗಿಸಿದರು: "ಎಲ್ಡ್ನೇ ಜ್ವರ ಎದ್ದುದ್ದು ಕೊಡ್ತೀನಿ ಬುಡು." ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಎರಡನೆಯದು ಎದ್ದ ಹುಳು ಸಣ್ಣ ಮರಿಗೆ ಸರಿಯಾದ ತುತ್ತು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಸಾಕಣೆ ಮನೆಯಲ್ಲಿ ರೋಗ ಬಾರದಿರಲೆಂದು ಹಾಸಿಗೆಗೆ ಸುಣ್ಣ, ಸೋಂಕು ಕಳೆಯುವ ಪುಡಿ ಎರಚುತ್ತಾರೆ. ಆ ಹುಳುವನ್ನು ತಿನ್ನಿಸಬಾರದು. ದೊಡ್ಡಪ್ಪ ನನಗಾಗಿ ಪುಡಿ ಹಾಕದ ಒಂದು ತಟ್ಟೆ ಬೇರೆ ಇಟ್ಟರು. ವಾರಕ್ಕೊಮ್ಮೆ ಹಿಪ್ಪುನೇರಳೆ ಸೊಪ್ಪಿನ ಜೊತೆ ಡಬ್ಬಿ ಹಿಡಿದು ಬರುತ್ತೇನೆ. ಮೊದಲ ದಿನ ಹುಳುವಿಗೆ ಕ್ಯಾಲ್ಸಿಯಂ ಪುಡಿ ಹೊರಳಿಸಿ ಎಲೆ ಮೇಲಿಟ್ಟಾಗ, ಮರಿ ಎರಡೂ ಕಣ್ಣನ್ನು ಮುಂದಕ್ಕೆ ತಿರುಗಿಸಿ, ಬಾಯಿ ಅರೆ ತೆರೆದು, ನಾಲಗೆಯ ತುದಿ ಗುಬುಟಿನ ಹಾಗೆ ಆಚೆ ಇಟ್ಟುಕೊಂಡು ಯೋಚಿಸಿತು. ಆಮೇಲೆ ಟಪ್. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು "ಅಯ್ಯೋ ಶಿವ್ನೆ" ಅಂದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ವಾಪಸು ಬಂದು "ಇನ್ನೊಂದ್ ಹಾಕು ಮಗ" ಅಂದಳು.

ಈಗ ಅರ್ಜಿ. ಪೋರ್ಟಲ್‌ನಲ್ಲಿ ಖಾತೆ ತೆರೆದು, ಪ್ರಾಣಿಯ ವೈಜ್ಞಾನಿಕ ಹೆಸರು, ಎಲ್ಲಿಂದ ಬಂತು, ವಯಸ್ಸು, ಗಂಡೋ ಹೆಣ್ಣೋ, ಗುರುತು, ಫೋಟೋ, ಹಿಂದಿನವರ ದಾಖಲೆ ಎಲ್ಲ ಹಾಕಿದೆ. ಶುಲ್ಕ ಒಂದು ಸಾವಿರ, ಅರ್ಜಿ ಏನಾದರೂ ಅದು ವಾಪಸಿಲ್ಲ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇದ್ದ ಹಾಗೇ ವರ್ಗಾವಣೆಯ ದಾಖಲೆಯಲ್ಲೂ ಇದೆಯೇ ನೋಡಿಕೊಳ್ಳಿ. ನನ್ನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದು, ಅದಕ್ಕೊಂದು ಪ್ರಮಾಣಪತ್ರ, ನೋಟರಿಗೆ 300.

ನನ್ನ ಎರಡನೇ ತಪ್ಪು ನಡೆದದ್ದು ಗುರುತಿನ ವಿವರದಲ್ಲಿ. ಗೋಸುಂಬೆಯ ಗುರುತು ಏನಂತ ಬರೆಯುವುದು? ಬಣ್ಣ ಬರೆಯೋಣ ಅಂದರೆ ಅದು ಬಣ್ಣಕ್ಕೆ ಹೆಸರಾದ ಪ್ರಾಣಿ. ಊರಲ್ಲಿ ಮಾತು ಬದಲಿಸುವವನನ್ನು ಬೈಯುವುದೇ ಇದರ ಹೆಸರಿನಿಂದ. ಆದರೂ ಕೂತು "ಕೆಂಪು ಮೈ, ನೀಲಿ ಪಟ್ಟೆ, ಗಂಡು" ಅಂತ ಬರೆದೆ. ಜಾಹೀರಾತಿನ ಬಾಯಿಪಾಠ. ಲಗತ್ತಿಸಿದ ಫೋಟೋದಲ್ಲಿದ್ದದ್ದು ಕಂದು ಮರಿ. ಮೂರು ವಾರಕ್ಕೆ ಪ್ರಶ್ನೆ ಬಂತು: ವಿವರಕ್ಕೂ ಚಿತ್ರಕ್ಕೂ ಹೊಂದಿಕೆಯಿಲ್ಲ, ಸ್ಪಷ್ಟಪಡಿಸಿ. ನ್ಯಾಯವಾದ ಪ್ರಶ್ನೆಯೇ. ಬಣ್ಣ ಬರೆಯಲೇಬೇಡಿ. ಎಡ ಮಗ್ಗುಲು, ಬಲ ಮಗ್ಗುಲು, ತಲೆ ಮೇಲಿನಿಂದ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ನಾಲ್ಕು ಫೋಟೋ ತೆಗೆಯಿರಿ. ಹಳೇ ಗಾಯದ ಕಲೆ, ಮುರಿದ ಉಗುರು, ಬಾಲದ ವಕ್ರ ಇಂಥದ್ದಿದ್ದರೆ ಬರೆಯಿರಿ. ನಮ್ಮದಕ್ಕೆ ಬಲ ಹಿಂಗಾಲಿನಲ್ಲಿ ಒಂದು ಉಗುರಿಲ್ಲ. ಕೊನೆಗೆ ಅದೇ ಅದರ ಗುರುತಾಯಿತು.

ಏಪ್ರಿಲ್‌ನಲ್ಲಿ ಅರಣ್ಯ ಸಿಬ್ಬಂದಿ ಇಬ್ಬರು ಮನೆಗೆ ನೋಡಲು ಬಂದರು. ಹಿಂದಿನ ರಾತ್ರಿ ನನಗೆ ನಿದ್ದೆ ಇಲ್ಲ, ಏನೋ ಕಳ್ಳಮಾಲು ಇಟ್ಟವನ ಹಾಗೆ. ಅವರು ಚೆನ್ನಾಗೇ ಮಾತಾಡಿದರು. ಹಿರಿಯರಿಗಿದ್ದ ಅನುಮಾನ ಒಂದೇ. "ಇದು ನಮ್ಮ ಬೆಟ್ಟದ ಕಡೆ ಸಿಗೋದೇ ಅಲ್ವಾ ಸಾರ್?" ಊರಿನದನ್ನು ಹಿಡಿದು ಹೊರದೇಶದ್ದು ಅಂತ ನೋಂದಣಿ ಮಾಡಿಸುವವರೂ ಇರುತ್ತಾರಲ್ಲ, ಕೇಳುವುದು ಸರಿಯೇ. ನಮ್ಮ ಗೋಸುಂಬೆಗೆ ಹಸಿರು ಹೆಚ್ಚು, ತಲೆಯ ಹಿಂದೆ ಎತ್ತರದ ಶಿಖೆ. ಪ್ಯಾಂಥರ್‌ಗೆ ಮೂಗಿನ ಎರಡೂ ಬದಿಯ ಏಣು ಮುಂದೆ ಬಂದು ಸಲಿಕೆಯ ತುದಿಯ ಹಾಗೆ ಚಾಚಿರುತ್ತದೆ, ಪಕ್ಕೆಯ ಉದ್ದಕ್ಕೆ ತೆಳು ಗೆರೆ. ಎರಡರ ಚಿತ್ರ ಮೊದಲೇ ಪ್ರಿಂಟ್ ಹಾಕಿಸಿ ಇಟ್ಟಿದ್ದೆ, ಉಪಯೋಗಕ್ಕೆ ಬಂತು. ಕಿರಿಯವರು ಹೋಗುವ ಮೊದಲು, "ಸಾರ್, ಒಂದ್ಸಲ ಬಣ್ಣ ಬದ್ಲಾಯಿಸ್ಲಿ, ವಿಡಿಯೋ ಮಾಡ್ಕೋತೀನಿ" ಅಂತ ಗೂಡಿನೊಳಗೆ ತಮ್ಮ ಹಸಿರು ಟೋಪಿ ಹಿಡಿದರು. ಅದು ಟೋಪಿ ನೋಡಿ ಹಸಿರಾಗಲಿಲ್ಲ. ಕೂತ ಜಾಗಕ್ಕೆ ತಕ್ಕ ಬಣ್ಣ ಬರುತ್ತದೆ ಅನ್ನುವುದು ನಮ್ಮೆಲ್ಲರ ತಪ್ಪು ತಿಳುವಳಿಕೆ. ಸಿಟ್ಟು, ಹೆದರಿಕೆ, ಚಳಿ, ಹೆಣ್ಣಿನ ಮುಂದೆ ಬಡಾಯಿ, ಬಣ್ಣ ಬದಲಾಗುವುದು ಇದಕ್ಕೆ. ಚರ್ಮದಲ್ಲಿ ಗ್ವಾನಿನ್ ಅನ್ನುವ ವಸ್ತುವಿನ ಬಲು ಸಣ್ಣ ಹರಳುಗಳಿವೆ. ಶಾಂತವಾಗಿದ್ದಾಗ ಅವು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಚಿಮ್ಮಿಸುತ್ತವೆ, ಕೆರಳಿದಾಗ ದೂರ ಸರಿದು ಹಳದಿ, ಕೆಂಪು. ಇದನ್ನು ಕಂಡುಹಿಡಿದದ್ದೂ ಅದೇ ಜಿನೀವಾ ತಂಡ, ಪ್ಯಾಂಥರ್ ಮೇಲೇ, 2015ರಲ್ಲೇ. ಟೋಪಿಗೆ ನಮ್ಮದು ಕಪ್ಪಿಟ್ಟು, ಬಾಯಿ ತೆರೆದು ಬುಸ್ ಅಂದಿತು. ವಿಡಿಯೋಗೆ ಅಷ್ಟು ಸಾಕಾಯಿತು.

ಮೇ ತಿಂಗಳ ಒಂದು ಭಾನುವಾರ. ಮರಿಗೆ ಎಂಟು ತಿಂಗಳು. ಮೈ ಕಂದಿನಿಂದ ತಿಳಿ ಕಿತ್ತಳೆಗೆ, ಸಪೋಟ ಸುಲಿದ ಬಣ್ಣಕ್ಕೆ ತಿರುಗಿತ್ತು. ನೀಲಿಯ ಸುಳಿವಿಲ್ಲ. ಅದು ಜಾಲರಿ ಹತ್ತಿ ನನ್ನ ಮುಖದ ಎದುರಿಗೇ ಹೊಟ್ಟೆ ಕಾಣುವಂತೆ ನಿಂತಾಗ ಬಾಲದ ಬುಡ ನೋಡಿದೆ. ಸಪಾಟು. ಆಚೆ ಈಚೆ ಟಾರ್ಚ್ ಬಿಟ್ಟು ನೋಡಿದೆ. ಸಪಾಟೇ. ಕೂತಲ್ಲೇ ಕೂತೆ.

ಪ್ಯಾಂಥರ್‌ನ ಹೆಣ್ಣಿಗೆ ಆ ಬಣ್ಣದ ವೈಭವ ಇಲ್ಲ. ಅಂಬಿಲೋಬೆಯದಾಗಲಿ ನೋಸಿ ಬೆಯದಾಗಲಿ ಹೆಣ್ಣುಗಳೆಲ್ಲ ಇದೇ ಕಂದು, ಇದೇ ಕಿತ್ತಳೆ. ನೋಡಿ ಯಾವ ಜಾಗದ್ದು ಅಂತ ಹೇಳಲಾಗದು. ಅಂದರೆ "ಅಂಬಿಲೋಬೆ" ಅನ್ನುವುದಕ್ಕೂ ಈಗ ಮಾರಿದವನ ಬಾಯಿಮಾತೇ ಆಧಾರ. ತಾಯಿ ಬೇರೆ ಜಾಗದ್ದಾಗಿದ್ದರೆ ನನಗೆ ಎಂದೂ ತಿಳಿಯುವುದಿಲ್ಲ. ಅವನಿಗೆ ಫೋನ್ ಮಾಡಿದೆ. "ಹೆಣ್ಣಾದ್ರೆ ಇನ್ನೂ ಒಳ್ಳೇದಲ್ವಾ ಅಣ್ಣ, ಮರಿ ಮಾಡಿಸ್ಬೋದು. ಒಂದು ಗಂಡು ಇದೆ ನನ್ನತ್ರ, ಡಿಸ್ಕೌಂಟ್ ಮಾಡ್ತೀನಿ." ದುಡ್ಡಿನ ಮಾತೆತ್ತಿದೆ. ಸಿಗ್ನಲ್ ಇಲ್ಲ ಅಂದ. ಎರಡು ದಿನ ನಾನು ಗೂಡಿನ ಕಡೆ ಸರಿಯಾಗಿ ನೋಡಲೇ ಇಲ್ಲ, ಸುಳ್ಳು ಯಾಕೆ ಹೇಳಲಿ. ಹುಳು ಹಾಕಿ ಬಂದುಬಿಡುತ್ತಿದ್ದೆ. ಅದೇನು ಮಾಡಿತ್ತು ಪಾಪ.

ದುಃಖ ಒಂದು ಕಡೆ, ಅರ್ಜಿ ಇನ್ನೊಂದು ಕಡೆ. ಅದರಲ್ಲಿ ಗಂಡು ಅಂತ ಬರೆದಿದ್ದೇನೆ, ಮಾರಿದವನ ದಾಖಲೆಯಲ್ಲೂ ಗಂಡು. ಸುಮ್ಮನಿದ್ದುಬಿಡು, ಯಾರು ತಿರುಗಿಸಿ ನೋಡ್ತಾರೆ ಅಂದ ಸ್ನೇಹಿತರಿದ್ದರು. ಆದರೆ ನಾಳೆ ಅದು ಸತ್ತರೂ ತಿಳಿಸಬೇಕು, ಆಗ ಗಂಡು ಎಲ್ಲಿ ಅಂದರೆ? ತಿದ್ದಿಸುವುದಕ್ಕೇ ಹೊರಟೆ. ಅದಕ್ಕೆ ಪಶುವೈದ್ಯರ ಪತ್ರ ಬೇಕಿತ್ತು. ಇಲ್ಲಿ ನಾನು ವಿಚಾರಿಸಿದ ವೈದ್ಯರು ಹಸು, ನಾಯಿ ನೋಡುವವರು. ಒಬ್ಬರು ಪ್ರಾಮಾಣಿಕವಾಗಿ, "ನಾನು ಇದನ್ನ ಮುಟ್ಟೇ ಇಲ್ಲಪ್ಪ" ಅಂದು ಬೆಂಗಳೂರಿನ ಒಬ್ಬರ ಹತ್ತಿರ ಕಳಿಸಿದರು. ಅಲ್ಲಿ ಪರೀಕ್ಷೆ, ಎಕ್ಸ್-ರೇ, ಪತ್ರ ಸೇರಿ 2,300. ಪತ್ರದ ಜೊತೆ ಹೊಸ ಫೋಟೋ, ಪ್ರಮಾಣಪತ್ರ ಹಾಕಿದೆ. ಮಾರಿದವನೂ ತನ್ನ ಕಡೆ ತಿದ್ದಬೇಕಿತ್ತು. ಅದಕ್ಕೇ ಜೂನ್, ಜುಲೈ, ಆಗಸ್ಟ್ ಹೋದವು. ಪ್ರತಿ ಸೋಮವಾರ ಬೆಳಿಗ್ಗೆ ಪೋರ್ಟಲ್ ತೆರೆದು ನೋಡುವುದು, ಮುಚ್ಚುವುದು. ನನ್ನ ಸಲಹೆ: ಮಿಕ್ಕ ಹಣದಲ್ಲಿ ಒಂದಿಷ್ಟನ್ನು ನೋಂದಣಿ ಪತ್ರ ಕೈಗೆ ಬರುವವರೆಗೆ ಉಳಿಸಿಕೊಳ್ಳುವ ಕರಾರು ಮಾಡಿಕೊಳ್ಳಿ. ಪೂರ್ತಿ ದುಡ್ಡು ಪಡೆದವನಿಗೆ ಫೋನ್ ಎತ್ತಲು ಕಾರಣವೇ ಇರುವುದಿಲ್ಲ.

ಬೆಂಗಳೂರಿನ ವೈದ್ಯರು ಒಂದು ಮಾತು ಹೇಳಿದ್ದರು: ಗಂಡಿನ ಜೊತೆ ಕೂಡದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಇಡುವುದಕ್ಕೆ ಮಣ್ಣು ಸಿಗದಿದ್ದರೆ ಒಳಗೇ ಕಟ್ಟಿಕೊಂಡು ಸಾಯುತ್ತದೆ. ಮಾರುವ ಯಾರೂ ಇದನ್ನು ಹೇಳಲಾರರು. ಗೌರಿ ಹಬ್ಬ ಕಳೆದು ಒಂದು ವಾರಕ್ಕೆ ಅದು ಹುಳು ತಿನ್ನುವುದನ್ನೇ ಬಿಟ್ಟಿತು. ಮೈ ಕಪ್ಪಾಗಿ, ಮೇಲೆ ಕಿತ್ತಳೆ ಪಟ್ಟೆ. ಎಂದೂ ನೆಲಕ್ಕಿಳಿಯದ್ದು ಗೂಡಿನ ತಳದಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತಿತ್ತು. ಅಗಲದ ಪೇಂಟ್ ಬಕೆಟ್ಟಿಗೆ ಒಂದಡಿ ತೊಳೆದ ಮರಳು, ಹಿಡಿದರೆ ಉಂಡೆ ನಿಲ್ಲುವಷ್ಟು ತೇವ. ಅಗೆಯುವಾಗ ಯಾರಾದರೂ ನೋಡುತ್ತಿದ್ದಾರೆ ಅನಿಸಿದರೆ ಅರ್ಧಕ್ಕೇ ಬಿಟ್ಟುಬಿಡುತ್ತದೆ ಅಂದಿದ್ದರಿಂದ ಗೂಡು ಮುಚ್ಚಬೇಕಿತ್ತು. ನಾನು ಬೆಡ್‌ಶೀಟ್ ಹುಡುಕುತ್ತಿದ್ದರೆ ಅಮ್ಮ ತನ್ನ ಹಳೇ ಹತ್ತಿ ಸೀರೆ ತಂದು ಸುತ್ತಲೂ ಕಟ್ಟಿದಳು. "ನೀನ್ ಆಚೆ ಹೋಗು. ಹೆರಿಗೆ ಮನೇಲಿ ಗಂಡಸ್ರಿಗೇನ್ ಕೆಲ್ಸ?" ಅಂದಳು. ಟಿವಿ ಕೂಡ ಹಾಕಗೊಡಲಿಲ್ಲ.

ಒಂದೂವರೆ ದಿನ. ಸೀರೆಯ ಹಿಂದಿನಿಂದ ಮರಳು ಕೆರೆಯುವ ಸದ್ದು, ನಿಂತು ನಿಂತು. ಎರಡನೇ ದಿನ ಸಂಜೆ ಅಮ್ಮ ಸೆರಗಿನ ಸಂದಿಯಿಂದ ನೋಡಿ ಕೈ ಮಾಡಿ ಕರೆದಳು. ಗುಂಡಿ ಮುಚ್ಚಿ, ಮೇಲೆ ಮರಳನ್ನು ಕಾಲಿನಿಂದ ಸಪಾಟು ಮಾಡಿ, ಮೂಗಿನ ತುಂಬ ಮರಳು ಮೆತ್ತಿಕೊಂಡು ಕೊಂಬೆ ಹತ್ತಿ ಕೂತಿತ್ತು. ಹೊಟ್ಟೆ ಒಳಕ್ಕೆ ಹೋಗಿತ್ತು. ಡ್ರಿಪ್ ಬಿಟ್ಟಾಗ ಇಪ್ಪತ್ತು ನಿಮಿಷ ಬಿಡದೆ ನೀರು ಕುಡಿಯಿತು. ಮರಳು ಜರಡಿ ಹಿಡಿದರೆ 19 ಮೊಟ್ಟೆ, ಮೆತ್ತನೆ ಬಿಳಿ ಚರ್ಮ, ಹುರುಳಿಲ್ಲದವು. ಮರಿ ಬರುವ ಮೊಟ್ಟೆ ಆಗಿದ್ದರೆ ಅದಕ್ಕೆ ಮತ್ತೆ ಪೋರ್ಟಲ್, ಮತ್ತೆ ವರದಿ. ಆ ಸಂಜೆ ನಾನು ಅದಕ್ಕೇ ಸಂತೋಷಪಟ್ಟೆ.

ಆಯುಧಪೂಜೆಯ ದಿನ ನಾನು ಬೈಕ್ ತೊಳೆದು ಒಳಗೆ ಬರುವಷ್ಟರಲ್ಲಿ ಗೂಡಿನ ಚೌಕಟ್ಟಿಗೂ ಅರಿಶಿನ-ಕುಂಕುಮ ಬಿದ್ದು, ಮೇಲೊಂದು ಸೇವಂತಿಗೆ ಮೊಳ. ಜಂಬೂ ಸವಾರಿ ಮುಗಿದ ಮುಂದಿನ ವಾರ ನೋಂದಣಿ ಪತ್ರ ಬಂತು. ಅದರಲ್ಲಿ ಬಣ್ಣದ ಮಾತೇ ಇಲ್ಲ. ಹೆಣ್ಣು, ಬಲ ಹಿಂಗಾಲಿನ ಒಂದು ಉಗುರು ಇಲ್ಲ.

ಎಲ್ಲ ಸೇರಿ ಎಷ್ಟಾಯಿತು ಅಂತ ಕೂಡಿಸಿದೆ. ಪ್ರಾಣಿಗೆ 42,000, ಗೂಡು ಮತ್ತು ದೀಪ 11,700, ವೈದ್ಯರು 2,300, ಅರ್ಜಿ 1,000, ನೋಟರಿ ಎರಡು ಸಲ 600, ಕಾರಿನ ಪೆಟ್ರೋಲ್, ಬೆಂಗಳೂರಿನ ಓಡಾಟ ಬೇರೆ. ಅರವತ್ತು ಸಾವಿರ ದಾಟಿತು. ದೊಡ್ಡಪ್ಪನಿಗೆ ಈ ಲೆಕ್ಕ ಹೇಳಿಲ್ಲ. ಅವರು ಮೊನ್ನೆ ಬಂದಾಗ ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ನಮ್ ಹಸುಗೂ ಇಂಗೇ ಕಿವಿಗ್ ಓಲೆ ಹಾಕಿ ನಂಬರ್ ಕೊಟ್ಟವ್ರೆ" ಅಂದು ಅದನ್ನು ಗೂಡಿನ ಮೇಲೆ ಇಟ್ಟರು.

ನಿನ್ನೆ ರಾತ್ರಿ ಅದೇ ಮಾರಾಟಗಾರನಿಂದ ಮತ್ತೆ ಒಂದು ಫೋಟೋ. ಅಂಕರಾಮಿ ಗಂಡು, ಅಚ್ಚ ಗುಲಾಬಿ, ಪಕ್ಕೆಯಲ್ಲಿ ಬಿಳಿ ಗೆರೆ. "ಲಾಸ್ಟ್ ಪೀಸ್ ಅಣ್ಣ." ಚೆಂದ ಇತ್ತು. ತುಂಬಾ ಹೊತ್ತು ದೊಡ್ಡದು ಮಾಡಿ ಮಾಡಿ ನೋಡಿದೆ. ಆಮೇಲೆ ನೋಂದಣಿ ಸಂಖ್ಯೆ, ಮರಿ ಹುಟ್ಟಿದ ವರದಿ, ಬಾಲದ ಬುಡದ ಫೋಟೋ, ಮೂರೂ ಕಳಿಸು ಅಂತ ಬರೆದೆ. ಎರಡು ನೀಲಿ ಗೆರೆ ಬಿದ್ದವು. ಉತ್ತರ ಇನ್ನೂ ಬಂದಿಲ್ಲ.